ತಂಗಿಯ ಬ್ಯಾಗಿಗೆ ನಾನು ಆರಿಸಿದ ಗೇಮಿಂಗ್ ಲ್ಯಾಪ್‌ಟಾಪ್

ಬಳ್ಳಾರಿ ಗಾಂಧಿನಗರದ ಕಂಪ್ಯೂಟರ್ ಅಂಗಡಿಯವರು ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟಾಗಲೇ, ಇದೇ ಅಂತ ನಾನು ಮನಸ್ಸಿನಲ್ಲಿ ತೀರ್ಮಾನ ಮಾಡಿಬಿಟ್ಟಿದ್ದೆ.

ಹದಿನೇಳು ಇಂಚಿನ ಸ್ಕ್ರೀನ್. ಕೀಲಿಗಳ ಕೆಳಗೆ ಕೆಂಪು ದೀಪ. ಒಂದು ಕಾರ್ ರೇಸ್ ಹಾಕಿ ತೋರಿಸಿದರು ನೋಡಿ... ರಸ್ತೆ ಪಕ್ಕದ ಹುಲ್ಲು ಕೂಡ ಗಾಳಿಗೆ ಅಲುಗಾಡುತ್ತಿತ್ತು.

ಆದರೆ ಲ್ಯಾಪ್‌ಟಾಪ್ ಬೇಕಾಗಿದ್ದು ನನಗಲ್ಲ, ತಂಗಿ ಶಾಹೀನ್‌ಗೆ.

ಗಣಿ ಜೋರಾಗಿದ್ದ ಕಾಲದ ಮಾತು. ನಾನು ಅದಿರು ಲಾರಿಗಳನ್ನು ತೂಗುವ ವೇಬ್ರಿಡ್ಜಿನಲ್ಲಿ ಕ್ಲರ್ಕ್. ಶಾಹೀನ್ ತ್ರೀಡಿ ಆನಿಮೇಷನ್ ಕಲಿಯಲು ದಿನಾ ಕುರುಗೋಡಿನಿಂದ ಬಳ್ಳಾರಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು.

ಅವಳ ಇನ್‌ಸ್ಟಿಟ್ಯೂಟಿನಲ್ಲಿ ಕಲಿಯುವವರು ಹೆಚ್ಚು, ಕಂಪ್ಯೂಟರ್ ಕಡಿಮೆ. ಕೊನೆಯ ಪ್ರಾಜೆಕ್ಟನ್ನು ಆ ತಿಂಗಳೊಳಗೆ ಕೊಡದಿದ್ದರೆ ಸರ್ಟಿಫಿಕೇಟ್ ಇಲ್ಲ. ಸರ್ಟಿಫಿಕೇಟ್ ಬರದಿದ್ದರೆ ಬಳ್ಳಾರಿ ಓಡಾಟ ಸಾಕು ಅಂತ ನಮ್ಮ ಅಬ್ಬಾ ಖಡಾಖಂಡಿತವಾಗಿ ಹೇಳಿಯಾಗಿತ್ತು.

ತ್ರೀಡಿಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು, ಅದಕ್ಕೆ ದೊಡ್ಡ ಗೇಮಿಂಗ್ ಲ್ಯಾಪ್‌ಟಾಪೇ ಆಗಬೇಕು ಅಂತ ಮನೆಯಲ್ಲಿ ಎಲ್ಲರನ್ನೂ ಒಪ್ಪಿಸಿದವನು ನಾನೇ. ಅರ್ಧ ನಿಜವೇ. ಆದರೆ ಭಾನುವಾರ ಅದು ಯಾರ ಕೈಯಲ್ಲಿರುತ್ತದೆ ಅನ್ನುವುದನ್ನೂ ನಾನು ಆಗಲೇ ಯೋಚಿಸಿದ್ದೆ. ಅದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಶಾಹೀನ್ ರೇಸಿನ ಕಡೆ ನೋಡಲೂ ಇಲ್ಲ. ಮೂಲೆಯಲ್ಲಿದ್ದ ಹದಿನಾಲ್ಕು ಇಂಚಿನದೊಂದನ್ನೂ ಪಕ್ಕದಲ್ಲಿ ಇಡಿಸಿದಳು. ಅದರಲ್ಲೂ ಗ್ರಾಫಿಕ್ಸ್ ಕಾರ್ಡ್ ಇತ್ತು, ಆದರೆ ಕೆಳಗಿನ ದರ್ಜೆಯದು.

ಪೆನ್‌ಡ್ರೈವಿನಲ್ಲಿ ಸಾಫ್ಟ್‌ವೇರ್ ಸಮೇತ ತನ್ನ ಪ್ರಾಜೆಕ್ಟನ್ನೇ ತಂದಿದ್ದಳು. ಕುರುಗೋಡಿನ ಬಸ್ ಸ್ಟ್ಯಾಂಡು. ಬಸ್ಸು, ಚಹಾ ಅಂಗಡಿ, ಬೆಂಚಿನ ಕೆಳಗೆ ಮಲಗಿದ ಆಡುಗಳು, ಎಲ್ಲಾ ಅವಳೇ ಮಾಡಿದ್ದು.

ದೊಡ್ಡದರಲ್ಲಿ ಬಸ್ ಸ್ಟ್ಯಾಂಡು ಸರಾಗವಾಗಿ ತಿರುಗಿತು. ಸಣ್ಣದರಲ್ಲಿ ತಡೆತಡೆದು ತಿರುಗಿತು. ನನಗೆ ಒಳಗೊಳಗೇ ಖುಷಿ.

ಅಷ್ಟರಲ್ಲಿ ಅವಳು ಅಂಗಡಿಯವರಿಗೆ, "ಎರಡಕ್ಕೂ ವೈರ್ ತಗದು ತೋರಸ್ರಿ. ನಮ್ಮ ಕ್ಲಾಸಿನಾಗ ಮಧ್ಯಾಹ್ನ ಕರೆಂಟ್ ಇರಂಗಿಲ್ಲ" ಅಂದಳು.

ವೈರ್ ತೆಗೆದದ್ದೇ ತಡ, ದೊಡ್ಡದೂ ತಡವರಿಸತೊಡಗಿತು. ನನಗೆ ನಿಜವಾಗಿಯೂ ಆಶ್ಚರ್ಯ. ಯಾಕೆ ಅಂತ ಕೇಳಿದೆ. ಕಾರ್ಡು ಕೇಳಿದಷ್ಟು ಕರೆಂಟನ್ನು ಬ್ಯಾಟರಿ ಕೊಡಲಾರದು, ಹಾಗಾಗಿ ಅದು ತಾನೇ ನಿಧಾನವಾಗುತ್ತದೆ ಅಂತ ಅಂಗಡಿಯವರು ವಿವರಿಸಿದರು.

ಇರಲಿ ಬಿಡು, ಚಾರ್ಜರ್ ಒಯ್ದು ಬೆಳಿಗ್ಗೆ ಕರೆಂಟ್ ಇದ್ದಾಗ ಮಾಡಿದರಾಯಿತು ಅಂದೆ ನಾನು.

ಚಾರ್ಜರ್ ಬಂತು. ಅರ್ಧ ಇಟ್ಟಂಗಿಯಷ್ಟಿತ್ತು. ಶಾಹೀನ್ ದೊಡ್ಡ ಲ್ಯಾಪ್‌ಟಾಪನ್ನೂ ಅದನ್ನೂ ತನ್ನ ಬ್ಯಾಗಿಗೆ ಹಾಕಿದಳು. ಬ್ಯಾಗಿನಲ್ಲಿ ಟಿಫಿನ್ ಡಬ್ಬಿ, ನೀರಿನ ಬಾಟಲ್, ಎರಡು ಡ್ರಾಯಿಂಗ್ ಪುಸ್ತಕ ಮೊದಲೇ ಇದ್ದವು.

"ಹಾಕ್ಕೋ ಭಾಯಿ. ಒಂದ ಕೈಲೆ ಆ ಬಾಗಿಲ ಕಂಬಿ ಹಿಡ್ಕೊಂಡು ನಿಂದ್ರು. ದಿನಾ ಬಳ್ಳಾರಿ ಮುಟ್ಟೋತನಕ ನಾನು ಹಂಗ ನಿಂದ್ರತೀನಿ."

ನಗುತ್ತಾ ಹಾಕಿಕೊಂಡೆ. ದೊಡ್ಡ ಲ್ಯಾಪ್‌ಟಾಪಿನ ಜಾಹೀರಾತಿನಲ್ಲಿದ್ದ ತೂಕ ನೋಡಿ, ಅಷ್ಟೇನಿಲ್ಲ ಅಂತ ಮನೆಯಲ್ಲಿ ಹೇಳಿದವನು ನಾನು. ದಿನಾ ಲಾರಿಯ ಖಾಲಿ ತೂಕ ಬೇರೆ, ಲೋಡಿನ ತೂಕ ಬೇರೆ ಅಂತ ಚೀಟಿ ಬರೆದುಕೊಡುವವನು, ಖಾಲಿ ತೂಕ ಓದಿ ಸುಮ್ಮನಾಗಿದ್ದೆ.

ಐದು ನಿಮಿಷ ಏನೂ ಅನ್ನಿಸಲಿಲ್ಲ. ಆಮೇಲೆ ಪಟ್ಟಿ ಹೆಗಲಿಗೆ ಕಚ್ಚತೊಡಗಿತು. ಪ್ರಿಂಟರ್ ಕೊಳ್ಳಲು ಸಿರುಗುಪ್ಪದಿಂದ ಬಂದಿದ್ದ ಹಿರಿಯರೊಬ್ಬರು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, "ಯಾವ ಬಸ್ಸಿಗೆ ಕಾಯಾಕ ಹತ್ತೀರಿ?" ಅಂದರು. ಅಂಗಡಿಯವರು ನಗು ತಡೆಯಲಾಗದೆ ಆ ಕಡೆ ತಿರುಗಿಕೊಂಡರು.

ಶಾಹೀನ್ ಸಣ್ಣದರ ಮುಂದೆಯೇ ಕೂತಿದ್ದಾಳೆ. ಆಡುಗಳನ್ನು ಮರೆಮಾಡುತ್ತಾಳೆ. ಬಸ್ಸನ್ನು ಬರೀ ಗೆರೆಗಳಲ್ಲಿ ತೋರಿಸುತ್ತಾಳೆ. ಚಹಾ ಅಂಗಡಿಯೊಂದನ್ನೇ ಉಳಿಸಿ ತಿರುಗಿಸುತ್ತಾಳೆ... ಈಗ ವೈರ್ ಇಲ್ಲದೆಯೂ ಅದು ಸರಾಗ. ಕೆಲಸ ಇರುವ ಭಾಗವನ್ನಷ್ಟೇ ತೆರೆದಿಟ್ಟರೆ ಈ ಕಾರ್ಡು ಸಾಕು, ಕೊನೆಯ ಚಿತ್ರ ತಯಾರಾಗುವುದು ತಡವಾದರೆ ಮನೆಯಲ್ಲಿ ಕರೆಂಟಿಗೆ ಹಚ್ಚಿಟ್ಟು ಬೇರೆ ಕೆಲಸ ನೋಡಬಹುದು ಅಂತ ಅಂಗಡಿಯವರಿಗೇ ತಿಳಿಸಿ ಹೇಳುತ್ತಿದ್ದಳು.

ಕುರುಗೋಡಿನಿಂದ ಬಸ್ಸು ಅರ್ಧ ದಾರಿ ಬರುವಷ್ಟು ಹೊತ್ತೂ ಆಗಿರಲಿಲ್ಲ. ನಾನು ಬ್ಯಾಗ್ ಇಳಿಸಿಬಿಟ್ಟೆ.

ಅವಳು ತಿರುಗಿ ನೋಡಿ ಮೆಲ್ಲಗೆ ಕೇಳಿದಳು. "ದೊಡ್ಡದು ನನಗಂತ ಆರಿಸಿದ್ದೋ, ನಿನಗಂತೋ?"

ನಿನಗೇ ಅನ್ನಲು ಬಾಯಿ ತೆರೆದೆ. ಹೆಗಲು ಉರಿಯುತ್ತಿತ್ತು. "ನನಗ" ಅಂದುಬಿಟ್ಟೆ.

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ.

"ಮೊದಲ ಹೇಳಬಾರದಿತ್ತಾ ಭಾಯಿ. ಅದ ಬೇಕು, ಅದಿಲ್ಲಂದ್ರ ಆಗಂಗಿಲ್ಲ ಅಂತ ನೀನು ಹೇಳಿದಿ. ಅಷ್ಟು ಭಾರ ದಿನಾ ಹೆಂಗ ಹೊರೂದು ಅಂತ ಯೋಚನಿ ಮಾಡಿ ಮಾಡಿ, ಕೋರ್ಸ್ ಬಿಟ್ಟಬಿಡ್ತೀನಿ ಅಂತ ಅಮ್ಮಿಗೆ ಹೇಳಾಕ ನಿಂತಿದ್ನಿ."

ಅವಳು ಕಲಿಯಲಿ ಅಂತ ಮನೆಯಲ್ಲಿ ವಾದ ಮಾಡಿದವನು ನಾನು. ಅವಳು ಬಿಡುವ ಹಂತಕ್ಕೆ ಬಂದದ್ದೂ ನನ್ನಿಂದಲೇ. ಬಹಳ ನಾಚಿಕೆಯಾಯಿತು, ಈಗ ಬರೆಯುವಾಗಲೂ ಆಗುತ್ತಿದೆ.

ಸಣ್ಣದನ್ನೇ ತಂದೆವು. ಕೊನೆಯ ದಿನ, ಸಂಜೆ ಇನ್‌ಸ್ಟಿಟ್ಯೂಟ್ ಬಾಗಿಲು ಹಾಕುವ ಮುಂಚೆ, ಬಸ್ ಸ್ಟ್ಯಾಂಡನ್ನು ಆಡುಗಳ ಸಮೇತ ಕೊಟ್ಟು ಬಂದಳು. ಈಗ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಅವಳೇ ಹತ್ತಾರು ಜನಕ್ಕೆ ತ್ರೀಡಿ ಕಲಿಸುತ್ತಾಳೆ. ಯಾರಾದರೂ ಯಾವ ಲ್ಯಾಪ್‌ಟಾಪ್ ತಗೊಳ್ಳಲಿ ಅಂತ ಕೇಳಿದರೆ, ಹೊರುವವರು ಯಾರು ಅಂತ ಮೊದಲು ಕೇಳುತ್ತಾಳಂತೆ.

ಬೇರೆಯವರ ಹೆಸರು ಹೇಳಿ ತನಗೆ ಬೇಕಾದ್ದನ್ನು ಆರಿಸಿದವನು ನಾನೊಬ್ಬನೇನಾ, ಅಥವಾ ನಿಮ್ಮಲ್ಲೂ ಯಾರಾದರೂ ಇದ್ದೀರಾ?