ಹನ್ನೊಂದು ಗಂಟೆಗೆ ಬರುವ ಓದುಗರು

ಕಳೆದ ತಿಂಗಳು ನನ್ನ ಬ್ಲಾಗಿಗೆ ನಾನೇ ಬಾಗಿಲು ಹಾಕಿದೆ. ‘ಇದೇ ಕೊನೆಯ ಬರಹ, ನಮಸ್ಕಾರ’ ಎಂದು ನಾಲ್ಕು ಸಾಲು ಬರೆದು ಲ್ಯಾಪ್‌ಟಾಪ್ ಮುಚ್ಚಿದೆ.

ಮಾರನೆಯ ದಿನ ಶಾಲೆಯಲ್ಲಿ ಒಂಬತ್ತನೇ ಕ್ಲಾಸು ಮುಗಿಸಿ ಸ್ಟಾಫ್ ರೂಮಿಗೆ ಬರುತ್ತಿದ್ದಂತೆ ಫೋನ್ ಬಂತು. ಗೊತ್ತಿಲ್ಲದ ನಂಬರು, ಗೊತ್ತಿಲ್ಲದ ಹೆಣ್ಣು ದನಿ. (ನನ್ನ ನಂಬರು ಬ್ಲಾಗಿನ ಕೆಳಗೇ ಇತ್ತು.)

“ತಿಪಟೂರಿನ ಟೀಚರ್ರಾ? ನಾನು ಲಲಿತಾ ಅಂತ ಕಣ್ರೀ, ಹುಳಿಯಾರ್ ಕಡೆಯಿಂದ. ಯಾಕ್ ನಿಲ್ಲಿಸಿದ್ರಿ? ಇಲ್ಲಿ ಎಲ್ರೂ ನನ್ನ ಬಯ್ತಾವ್ರೆ.”

ಎಲ್ಲರೂ ಅಂದರೆ ಯಾರು? ನನ್ನ ಬ್ಲಾಗಿಗೆ ‘ಎಲ್ಲರೂ’ ಯಾವತ್ತಿದ್ದರು?

ಸ್ವಲ್ಪ ಹಿಂದಿನದು ಹೇಳಬೇಕು. ನಾಲ್ಕು ವರ್ಷದಿಂದ ಪ್ರತಿ ಸೋಮವಾರ ನಮ್ಮ ತೆಂಗಿನ ಸೀಮೆಯ ಸಣ್ಣಪುಟ್ಟ ಸಂಗತಿಗಳನ್ನು ಬ್ಲಾಗಿನಲ್ಲಿ ಬರೆಯುತ್ತಿದ್ದೆ. ಮೊದಲ ವರ್ಷ ಬರೆದಿದ್ದೇ ಬರೆದಿದ್ದು. ಓದುವವರೂ ಬಂದರು. ಆಮೇಲೆ ನನ್ನ ಹತ್ತಿರ ಸರಕು ಮುಗಿಯಿತು. ಸೋಮವಾರ ಮಾತ್ರ ಮುಗಿಯಲಿಲ್ಲ, ವಾರ ವಾರ ಬರುತ್ತಲೇ ಇತ್ತು!

“ಹೆಡ್ಡಿಂಗ್ ಜೋರಾಗಿರ್ಬೇಕು ಕಣೇ, ನಂಬರ್ ಹಾಕು,” ಎಂದರು ನಮ್ಮ ಯಜಮಾನರು. (ಅವರದು ಹಾರ್ಡ್‌ವೇರ್ ಅಂಗಡಿ. ಬ್ಲಾಗ್ ಓದುವುದಿಲ್ಲ, ಸಲಹೆ ಕೊಡುತ್ತಾರೆ.) ಹಾಕಿದೆ. ‘ಕಾಯಿ ತುರಿಯುವಾಗ ನೀವು ಮಾಡುವ ಏಳು ತಪ್ಪುಗಳು’. ನನಗೆ ಗೊತ್ತಿದ್ದದ್ದು ನಾಲ್ಕೇ ತಪ್ಪು. ಉಳಿದ ಮೂರನ್ನು ಸೃಷ್ಟಿ ಮಾಡಿದೆ. ಬಂದ ಜನ ಒಂದೇ ದಿನಕ್ಕೆ ಹೊರಟುಹೋದರು.

ಕೊನೆಗೆ ಉಳಿದದ್ದು ಒಂದೇ ವಿಸಿಟ್. ದಿನಾ ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಅಷ್ಟು ಕರಾರುವಾಕ್ಕಾಗಿ ಮನುಷ್ಯರು ಬರುತ್ತಾರೆಯೇ? ಯಾವುದೋ ಕಂಪ್ಯೂಟರ್ ತಾನಾಗಿಯೇ ಬಂದು ಹೋಗುತ್ತಿದೆ ಎಂದುಕೊಂಡೆ. ಕಂಪ್ಯೂಟರಿಗಾಗಿ ಯಾಕೆ ತಲೆ ಕೆಡಿಸಿಕೊಳ್ಳಲಿ ಎಂದು ನಿಲ್ಲಿಸಿದೆ.

ಆ ಕಂಪ್ಯೂಟರೇ ಈಗ ಫೋನಿನಲ್ಲಿತ್ತು. “ಒಂದ್ ಸಲ ಬನ್ರೀ ಇಲ್ಗೆ,” ಎಂದಿತು.

ಭಾನುವಾರ ಬಸ್ಸು ಹತ್ತಿದೆ. ಚಿಕ್ಕನಾಯಕನಹಳ್ಳಿ ದಾಟಿ ಹುಳಿಯಾರಿಗೆ ಹೋಗಿ, ಅಲ್ಲಿಂದ ಆಟೋ. ತೋಟದ ಅಂಚಿನಲ್ಲಿ ಶೀಟು ಹೊದಿಸಿದ ಒಂದು ಕೊಟ್ಟಿಗೆ. ಒಳಗೆ ಹತ್ತು ಹನ್ನೆರಡು ಹೆಂಗಸರು ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಿದ್ದರು. ಕೈಗೆ ಪುರಸೊತ್ತಿಲ್ಲ, ಕಿವಿ ಪೂರ್ತಿ ಖಾಲಿ. ನಡುವೆ ಸ್ಟೂಲಿನ ಮೇಲೆ ಮೊಬೈಲ್ ಹಿಡಿದು ಕೂತವಳೇ ಲಲಿತಾ.

ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಅವಳ ಬಲ ಮಣಿಕಟ್ಟು ಮುರಿದಿತ್ತಂತೆ. ಮೂಳೆ ಕೂಡಿತು, ಕತ್ತಿ ಹಿಡಿಯುವ ಬಿಗಿ ಮಾತ್ರ ವಾಪಸ್ ಬರಲಿಲ್ಲ. ಕೆಲಸ ಬಿಟ್ಟು ಮನೆಯಲ್ಲಿ ಕೂತು ಅಳುತ್ತಿದ್ದಳಂತೆ. ಆಗ ಎಲ್ಲರಿಗಿಂತ ಹಿರಿಯರಾದ ಪುಟ್ಟಮ್ಮನವರು ಹೋಗಿ ಕರೆತಂದರು. ನೀನು ಓದು, ನಾವು ಕೇಳುತ್ತೇವೆ, ಸಂಜೆ ಒಬ್ಬೊಬ್ಬರೂ ಒಂದೊಂದು ಹಿಡಿ ಕಡ್ಡಿ ನಿನ್ನ ಪಾಲಿನ ಕಟ್ಟಿಗೆ ಸೇರಿಸುತ್ತೇವೆ, ಕೂಲಿ ಬರುವುದು ಕಡ್ಡಿಯ ತೂಕಕ್ಕೆ ತಾನೇ ಎಂದು. ಹನ್ನೊಂದಕ್ಕೆ ಟೀ. ಟೀ ಆದ ಮೇಲೆ ನನ್ನ ಬ್ಲಾಗು. ಹೊಸದಿಲ್ಲದ ದಿನ ಹಳೆಯದು, ಅದೂ ಈಗ ಎರಡೆರಡು ಸಲ ಓದಿ ಮುಗಿದಿತ್ತಂತೆ.

“ನಿಂತೋಯ್ತು ಅಂದಾಗ ಎದೆ ಧಸಕ್ ಅಂತು ಕಣ್ರೀ,” ಎಂದಳು ಲಲಿತಾ. “ಓದೋಕೇ ಏನೂ ಇಲ್ದಿದ್ರೆ ಇವ್ರ ಕಡ್ಡಿ ಯಾವ ಮುಖ ಇಟ್ಕೊಂಡು ತಗೊಳ್ಳಲಿ?”

ನನ್ನ ಬೇಜಾರಿಗೆ ನಾನು ಹಾಕಿದ ಬಾಗಿಲು ಯಾರ ಅನ್ನಕ್ಕೆ ಅಡ್ಡ ಬಂದಿತ್ತು ನೋಡಿ.

ಪುಟ್ಟಮ್ಮನವರು ಮಾತ್ರ ಗರಿಯಿಂದ ಕಣ್ಣು ತೆಗೆಯದೆ ಕೇಳಿದರು: “ಯಾಕಮ್ಮ ನಿಲ್ಸಿದ್ದು?”

“ಬರೆಯೋಕೆ ಏನೂ ಉಳಿದಿಲ್ಲಮ್ಮ.”

“ಅದು ಗೊತ್ತಾಯ್ತು ಬುಡು. ಏಳು ತಪ್ಪು ಅಂತ ಬರ್ದಿದ್ಯಲ್ಲ, ಅದ್ರಾಗೆ ಮೂರು ನೀನೇ ಕಟ್ಟಿದ್ದು.”

ಇಡೀ ಕೊಟ್ಟಿಗೆ ನಕ್ಕಿತು. ನಾನೂ ನಕ್ಕೆ. ಇನ್ನೇನು ಮಾಡಲಿ?

ಆಮೇಲೆ ಆಕೆಯೇ ತಮ್ಮ ಮದುವೆಯ ಕತೆ ಹೇಳಿದರು. ಹೆಣ್ಣು ನೋಡಲು ಬಂದವರು ಕೊಬ್ಬರಿ ಮಾಡುವ ಮನೆಯವರು. ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಕಾಯಿ ಒಣಗಿಸಿ ಉಂಡೆ ಕೊಬ್ಬರಿ ತೆಗೆಯುವವರು. ಗಂಡಿನ ತಂದೆ ಹಾಡು ಹೇಳು ಅನ್ನಲಿಲ್ಲ, ರಂಗೋಲಿ ಹಾಕು ಅನ್ನಲಿಲ್ಲ. ಚೀಲದಿಂದ ಒಂದು ಒಣಕಾಯಿ ತೆಗೆದು ಕೈಗಿಟ್ಟರು. “ಕೊಬ್ಬರಿ ಆಗೈತಾ ನೋಡವ್ವ.”

ಹುಡುಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಗಡಗಡ ಅಂದಿತು, ಚಿಪ್ಪು ಬಿಟ್ಟ ಕೊಬ್ಬರಿಯ ಸದ್ದು. ಎಲ್ಲರೂ ಆಗಿದೆ ಎಂದರು. ಅವಳು ಇನ್ನೊಮ್ಮೆ ಅಲ್ಲಾಡಿಸಿ, “ಇಲ್ಲ, ಒಂದ್ ಕಡೆ ಇನ್ನೂ ಅಂಟೈತೆ,” ಎಂದಳು. ಗಂಡಸರೆಲ್ಲ ನಕ್ಕರು. ಒಡೆದು ನೋಡಿದರೆ ಒಂದು ಪಕ್ಕದ ಚೂರು ಚಿಪ್ಪಿಗೆ ಕಚ್ಚಿಕೊಂಡೇ ಇತ್ತು! ಗಂಡಿನ ತಂದೆ ಅಲ್ಲೇ ಎದ್ದು ನಿಂತು, “ಈ ಹುಡ್ಗಿ ನಮ್ಮನೇಗೇ ಬರ್ಬೇಕು,” ಎಂದರಂತೆ.

ನನ್ನ ಸರಕು ಮುಗಿದಿತ್ತು, ನಿಜ. ಆದರೆ ನಾಲ್ಕು ವರ್ಷದಲ್ಲಿ ಬೇರೆಯವರನ್ನು ಕೇಳಬಹುದೆಂದು ನನಗೆ ಹೊಳೆದಿರಲೇ ಇಲ್ಲವಲ್ಲ! ಅಲ್ಲಿದ್ದ ಒಬ್ಬೊಬ್ಬರ ಹತ್ತಿರವೂ ಇಂಥದೊಂದು ಇತ್ತು. ಸಂಜೆ ಬಸ್ಸು ಹತ್ತುವಾಗ ನೋಟ್‌ಬುಕ್ಕಿನಲ್ಲಿ ಆರು ಸೋಮವಾರಕ್ಕಾಗುವಷ್ಟು ಸಂಗತಿ, ಬ್ಯಾಗಿನಲ್ಲಿ ಒಂದು ಹೊಸ ಪೊರಕೆ.

ಬ್ಲಾಗಿನ ಬಾಗಿಲು ತೆಗೆದೆ. ಪುಟ್ಟಮ್ಮನವರ ಕತೆಯನ್ನು ಅವರ ಒಪ್ಪಿಗೆ ಪಡೆದು ಮೊದಲು ಹಾಕಿದೆ. ಜನ ಓದಿದರು, ಓದಿದವರು ಇನ್ನೊಬ್ಬರಿಗೆ ಕಳಿಸಿದರು. ಸಂಪಿಗೆ ಎಂಬ ಊರಿನಿಂದ ಒಬ್ಬರು ತಮ್ಮ ಅತ್ತೆಯ ಕತೆ ಬರೆದು ಕಳಿಸಿದ್ದಾರೆ, ಬಿಳಿಗೆರೆಯಿಂದ ಇನ್ನೊಬ್ಬರು ‘ನಮ್ಮ ತೋಟಕ್ಕೆ ಯಾವಾಗ ಬರ್ತೀರಿ’ ಎಂದು ಕೇಳಿದ್ದಾರೆ. ಹೆಡ್ಡಿಂಗಿಗೆ ನಂಬರು ಹಾಕುವುದು ಬಿಟ್ಟಿದ್ದೇನೆ.

ಕತೆ ಹಾಕಿದ ಮಾರನೆಯ ದಿನ, ಮಂಗಳವಾರ ಹನ್ನೊಂದೂವರೆಗೆ ಫೋನ್ ಬಂತು. ಈ ಸಲ ಪುಟ್ಟಮ್ಮನವರೇ.

“ಎಲ್ಲಾ ಸರಿಯಾಗೈತೆ ಕಣಮ್ಮ. ಕೊನೇಲಿ ‘ಹುಡುಗಿ ನಾಚಿ ತಲೆ ತಗ್ಗಿಸಿದಳು’ ಅಂತ ಬರ್ದಿದ್ಯಲ್ಲ, ಅದ್ಯಾರು ನಿನಗೆ ಹೇಳಿದ್ದು?”

“ಸುಮ್ನೆ ಸೇರಿಸಿದೆ ಅಮ್ಮ, ಚೆನ್ನಾಗಿರುತ್ತೆ ಅಂತ.”

“ನಾಚ್ಕೆನೂ ಇಲ್ಲ, ಏನೂ ಇಲ್ಲ. ಬೆಳಿಗ್ಗೆಯಿಂದ ಏನೂ ತಿಂದಿರ್ಲಿಲ್ಲ, ಒಡೆದ ಕೊಬ್ಬರಿ ನೋಡ್ತಾ ಇದ್ದೆ. ತಿದ್ದು ಅದ್ನ.”

ತಿದ್ದಿದೆ. ಅವತ್ತಿನಿಂದ ಒಂದೇ ಯೋಚನೆ: ನಾವು ಬರೆಯುವವರು ಇಷ್ಟು ಕಾಲ ನಾಚಿಸಿ ತಲೆ ತಗ್ಗುವಂತೆ ಮಾಡಿದ ಹೆಣ್ಣುಮಕ್ಕಳಲ್ಲಿ ಎಷ್ಟು ಜನಕ್ಕೆ ಬರೀ ಹಸಿವಾಗಿತ್ತೋ?