ಉದುರಿದ್ದು ಚುಕ್ಕಿಯೋ ಅಲ್ಲವೋ

ಮುದ್ದಪ್ಪ ಮಾವ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸಿಟ್ಟಿನಲ್ಲಿ ಮರೆತೇನು. ನನ್ನ ಅಕ್ಕ ಚಿತ್ತಮ್ಮನ ಮಾವ ಅವರು. ಆದಿವಾಲದ ಹತ್ತಿರದ ಹಟ್ಟಿಯಲ್ಲಿ ಬದುಕೆಲ್ಲ ಕುರಿಯ ಹಿಂದೆಯೇ ಸವೆಸಿದವರು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು.

ಅವರ ಮನೆತನದಲ್ಲೊಂದು ನಡಾವಳಿಯಿದೆ. ಕುರಿ ಕೂಡುವ ರೊಪ್ಪದ ನೆತ್ತಿಯ ಮೇಲೆ ದೊಡ್ಡ ಚುಕ್ಕಿ ಉರಿಯುತ್ತ ಚೂರುಚೂರಾಗಿ ಉದುರಿದರೆ, ಮೇಲೆ ಚುಕ್ಕಿಯಾಗಿದ್ದ ಹಿರಿಯರೊಬ್ಬರು ತೀರಿಹೋದರೆಂದು ಅರ್ಥ. ಅಮಾವಾಸ್ಯೆ ಕಳೆಯುವ ತನಕ ಮನೆಯಲ್ಲಿ ಶುಭಕಾರ್ಯ ಕೂಡದು. ಹಿಂದೆ ಅಂಥದ್ದು ಜೀವಮಾನದಲ್ಲಿ ಒಂದೆರಡು ಸಲ ಕಂಡರೆ ಹೆಚ್ಚು. ಹಾಗಾಗಿ ಯಾರಿಗೂ ತೊಂದರೆಯಾಗಿರಲಿಲ್ಲ.

ಈಗ ಆಯಿತು. ಅಕ್ಕನ ಮಗಳು, ಮಾವನ ಮೊಮ್ಮಗಳು ನೇತ್ರಾವತಿಗೆ ಶ್ರೀರಾಂಪುರದ ಕಡೆಯ ಜುಂಜೇಶನನ್ನು ಗೊತ್ತು ಮಾಡಿದವನು ನಾನು. ಪಂಪ್‌ಸೆಟ್ ರಿಪೇರಿ ಮಾಡುವ ಹುಡುಗ, ಇವಳಿಗೂ ಮನಸ್ಸಿದೆ. ಎಲೆ-ಅಡಿಕೆ ಶಾಸ್ತ್ರಕ್ಕೆ ದಿನ ಗೊತ್ತಾಯಿತು. ಹಿಂದಿನ ಸಂಜೆ ಮಾವ ರೊಪ್ಪದಿಂದ ಬಂದು, "ಚುಕ್ಕಿ ಉದುರ್ತು. ಬ್ಯಾಡ ಅನ್ನು ಅವ್ರಿಗೆ" ಎಂದರು. ಅಮಾವಾಸ್ಯೆ ಕಳೆದ ಮೇಲೆ ಇನ್ನೊಂದು ದಿನ ನೋಡಿದೆವು. ಮತ್ತೆ ಉದುರಿತು! ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನನ್ನ ಸುಳ್ಳುಗಳೆಲ್ಲ ಮದುವೆಗೆ ಮೊದಲೇ ಮುಗಿದವು. ಹುಡುಗನ ಅಪ್ಪ ಗೊಲ್ಲಪ್ಪ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ: "ಈ ಸಲ ತಪ್ಪಿದ್ರೆ ನಾವು ಬೇರೆ ಕಡೆ ನೋಡ್ಕಂತೀವಿ ಕಣ್ರಿ." ನೇತ್ರಾವತಿ ಅವತ್ತು ಉಣ್ಣಲಿಲ್ಲ.

ಅವಳ ತಂಗಿ ಮೌನಿಕಾ ಹಿರಿಯೂರಿನಲ್ಲಿ ಬಿ.ಎಸ್ಸಿ. ಓದುತ್ತಾಳೆ. ಅವಳೇ ತಾತನ ಮುಂದೆ ಕುಂತಳು.

"ತಾತ, ಅದು ಚುಕ್ಕಿ ಅಲ್ಲ, ಕೆಲಸ ಮುಗಿದ ಉಪಗ್ರಹ. ಕೆಳಗೆ ಇಳ್ಸಿ ಗಾಳಿನಾಗೆ ಸುಡ್ತಾರೆ. ಈಗ ಮ್ಯಾಲೆ ಸಾವಿರಾರು ಅವೆ, ಅದಕ್ಕೇ ಪದೇ ಪದೇ ಕಾಣ್ತಾವೆ."

ನನಗೆ ಹೋದ ಜೀವ ಬಂದಂತಾಯಿತು. "ಕೇಳಿದ್ರಾ ಮಾವ? ಯಾರೂ ಹೋಗಿಲ್ಲ."

ಮಾವ ಗಡ್ಡ ಕೆರೆದುಕೊಂಡರು. "ಸುಟ್ಟ ಮ್ಯಾಲೆ ಬೂದಿ ಎಲ್ಲಿಗೆ ಹೋಗ್ತೈತೆ?"

"ಭಾಳ ದಿನ ಮ್ಯಾಲೇ ಇರ್ತೈತೆ. ಅಲ್ಯೂಮಿನಿಯಂ ಪುಡಿ. ರಾಕೆಟ್ ಹಾರಿಸಿದಾಗ್ಲೂ ಮಸಿ ನಿಲ್ತೈತೆ. ಕೆಟ್ಟ ಬಿಸಿಲು ತಡೆಯೋ ಓಝೋನ್ ಪದರಕ್ಕೆ ಪೆಟ್ಟು ಬೀಳಬೋದು ಅಂತಾರೆ."

"ಬೀಳಬೋದು ಅಂದ್ರೆ? ಬೀಳ್ತೈತೋ, ಇಲ್ವೋ?"

"ಎಷ್ಟು ಅಂತ ಅವ್ರಿಗೇ ಇನ್ನೂ ಪೂರ್ತಿ ಗೊತ್ತಿಲ್ಲ ತಾತ."

"ಗೊತ್ತಿಲ್ದಂಗೇ ಸುಡ್ತಾರಾ?"

ಈ ಹುಡುಗಿಗೆ ಉಪಗ್ರಹದಲ್ಲೇ ಮಾತು ನಿಲ್ಲಿಸಲು ಏನಾಗಿತ್ತು? ಕಿವಿ ಹಿಂಡೋಣ ಅನ್ನಿಸಿತು. ಮಾವ ನನ್ನ ಕಡೆ ತಿರುಗಿದರು. "ಚುಕ್ಕಿ ಆದ್ರೆ ಏನು ಮಾಡ್ಬೇಕು ಅಂತ ನಮ್ಮಪ್ಪ ಹೇಳಿ ಹೋಗವ್ನೆ. ಇದಕ್ಕೇನು ಮಾಡಾದಲೇ ರಂಗಸ್ವಾಮಿ?" ಕೊನೆಗೆ ಅವರೇ, "ಗೊಲ್ಲಪ್ಪಂಗೆ ಸೋಮವಾರ ಬರ್ರಿ ಅನ್ನು" ಎಂದು ಎದ್ದು ಹೋದರು.

ಸೋಮವಾರ ಹೊತ್ತು ಹುಟ್ಟುವ ಮುಂಚೆ, ಅಕ್ಕನ ಮನೆಯಲ್ಲೇ ಮಲಗಿದ್ದ ನಾನು ಮುಖ ತೊಳೆಯಲು ಹೊರಗೆ ಬಂದೆ. ಮಾವ ರೊಪ್ಪದ ಬಾಗಿಲಲ್ಲಿ ನಿಂತಿದ್ದರು. ಅವರ ನೆತ್ತಿಯ ಮೇಲೆ ಬೆಂಕಿಯೊಂದು ಮೆಲ್ಲಗೆ ಚೂರಾಗುತ್ತ ಮೂಡಲಿಗೆ ಹೋಯಿತು. ಮಾವ ಅದನ್ನು ನೋಡಿದರು, ನಾನು ನೋಡಿದ್ದನ್ನೂ ನೋಡಿದರು. ಕಂಬಳಿ ಹೊದ್ದು ಕುರಿಗಳ ನಡುವೆ ಹೋದರು.

ಗೊಲ್ಲಪ್ಪನ ಕಡೆಯವರು ಬಂದರು. ಹಿರಿಯನ ಕೈಯಿಂದಲೇ ಎಲೆ-ಅಡಿಕೆ ಕೊಡಬೇಕು. ಮಾವ ತಟ್ಟೆ ಎತ್ತಿದವರು ಹಾಗೇ ಕುಂತುಬಿಟ್ಟರು. ನೇತ್ರಾವತಿ ಕಣ್ಣು ಮಿಟುಕಿಸದೆ ಆ ಕೈಯನ್ನೇ ನೋಡುತ್ತಿದ್ದಳು. ಬೆವರು ಒರೆಸಿಕೊಳ್ಳಲೂ ನನಗೆ ಭಯ. ಮಾವ ಕಣ್ಣು ಮುಚ್ಚಿದರು, ತುಟಿ ಅಲುಗಿತು, ತಟ್ಟೆ ಕೊಟ್ಟರು.

ಉಂಡು ಎಲ್ಲರೂ ಹೋದ ಮೇಲೆ ನನ್ನನ್ನು ರೊಪ್ಪದ ಹತ್ತಿರ ಕರೆದರು.

"ನೀನೂ ಕಂಡೆ ಅಲ್ವೇನಲೇ?"

"ಕಂಡೆ ಮಾವ. ಉಪಗ್ರಹನೇ ಇರ್ಬೇಕು ಬಿಡ್ರಿ."

"ಇರ್ಬೇಕು ಅಂತೀಯ. ನಿಂಗೂ ಗೊತ್ತಿಲ್ಲ." ಮಾವ ರೊಪ್ಪದ ಬೇಲಿ ಹಿಡಿದು ನಿಂತರು. "ತಟ್ಟೆ ಕೊಡಾವಾಗ ಬೇಡ್ಕಂಡೆ ಕಣಪ್ಪ. ಚುಕ್ಕಿ ಆಗಿದ್ರೆ ಅದರ ದೋಷ ನನ್ನ ತಲೆಗಿರ್ಲಿ, ಕೂಸಿಗೆ ತಟ್ಟಾದು ಬ್ಯಾಡ ಅಂತ. ಮೌನಿಕಾ ಹೇಳಿದ ಆ ಇನ್ನೊಂದು ಆಗಿದ್ರೆ, ಅದರ ಬೂದಿ ಯಾರ ತಲೆಗಿರ್ಲಿ ಅಂತ ಬೇಡ್ಕಳಾದಪ್ಪ?"