ಬ್ಯಾಂಜೋ ಅಂದರೆ ಯಾವುದು?

ನಮ್ಮ ಕಡೆ ಬ್ಯಾಂಜೋ ಅಂದರೆ ಗುಂಡಗಿನ ವಿಲಾಯಿತಿ ವಾದ್ಯವಲ್ಲ. ಉದ್ದನೆಯ ಮರದ ಪೆಟ್ಟಿಗೆ, ಅದರ ಮೇಲೆ ತಂತಿ, ಟೈಪ್‌ರೈಟರಿಗೆ ಇದ್ದಂಥ ಗುಂಡಿಗಳು. ಮದುವೆ ಮೆರವಣಿಗೆಯಲ್ಲಿ ಅದು ಶುರುವಾಯಿತೆಂದರೆ ಆಳಂದದಲ್ಲಿ ಮುನಿಸಿಕೊಂಡ ಬೀಗರೂ ಕುಣಿಯುತ್ತಾರೆ. ನಮ್ಮ ಅಬ್ಬಾ ಜೀವಮಾನವೆಲ್ಲ ನುಡಿಸಿದ್ದು ಅದನ್ನೇ. ಇದನ್ನು ಮೊದಲೇ ಬಿಡಿಸಿ ಹೇಳುತ್ತಿದ್ದೇನೆ, ಯಾಕೆಂದರೆ ಜೇವರ್ಗಿಯಲ್ಲಿ ನಾನು ಪಾಠ ಮಾಡುವ ಶಾಲೆಯ ಹೆಡ್‌ಮೇಡಂಗೆ ಹೇಳದೇ ಕೆಟ್ಟೆ.

ಒಂದನೇ ತರಗತಿಗೆ ಹಾಡು ಹುಡುಕುತ್ತಿದ್ದಾಗ ಫೋನಿನಲ್ಲಿ ಬ್ರಿಟಿಷರ ಹಳೆಯ ಮಕ್ಕಳ ಟಿವಿ ಕಾರ್ಯಕ್ರಮವೊಂದು ಸಿಕ್ಕಿತು. ಕಪ್ಪು ಬಿಳುಪಿನದು. ಹರೆಯದವರು ಹುಚ್ಚೆದ್ದು ಕೇಳುತ್ತಿದ್ದ ಪಾಪ್ ಹಾಡುಗಾರರು ಗಿಟಾರ್ ಹಿಡಿದು ಮಕ್ಕಳ ನಡುವೆ ಬಂದರು. ಕಾರ್ಯಕ್ರಮ ನಡೆಸುವ ಹೆಂಗಸು ಎದ್ದು ತನ್ನ ಜಾಗ ಬಿಟ್ಟುಕೊಟ್ಟಳು. ಅವರು ಕೂತು, ಕೇಳುವವರು ಮಕ್ಕಳೆಂದು ಒಂದು ಚೂರೂ ತೊದಲದೆ ಹಾಡಿದರು. ಅವರಲ್ಲೊಬ್ಬ ಬರೀ ತುಟಿ ಆಡಿಸುತ್ತಿದ್ದ, ಅದೂ ಕಾಣುತ್ತದೆ. ಆದರೂ ಬಂದಿದ್ದನಲ್ಲ!

ನಮ್ಮ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಬರುವುದು ಪೆನ್‌ಡ್ರೈವ್. ಆರು ವರ್ಷದ ಮಕ್ಕಳಿಗೆ ಕಪ್ಪು ಕನ್ನಡಕ ಹಾಕಿಸಿ, ದೊಡ್ಡವರ ಸಿನಿಮಾ ಹಾಡಿಗೆ ಸೊಂಟ ಕುಣಿಸುತ್ತೇವೆ. ನಾಚಿಕೆಯಾಗಬೇಕು ನಮಗೆ. ಈ ಸಲ ಹಾಗಾಗಬಾರದೆಂದು ಕಾರ್ಯಕ್ರಮದ ಪಟ್ಟಿಯಲ್ಲಿ ಬರೆದುಕೊಟ್ಟೆ: ಒಂದನೇ ತರಗತಿ, ಹಾಡು, ಬ್ಯಾಂಜೋ ಜೊತೆ. ಮೈಸೂರು ಕಡೆಯ ಹೆಡ್‌ಮೇಡಂ ಫೋನಿನಲ್ಲಿ ಏನೋ ಹುಡುಕಿ, "ವಾವ್, ವೆಸ್ಟರ್ನ್! ತುಂಬಾ ಚೆನ್ನಾಗಿದೆ ಟೀಚರ್," ಅಂದರು. ವೆಸ್ಟರ್ನ್ ಅಂದಾಗಲೇ ನನಗೆ ಹೊಳೆಯಬೇಕಿತ್ತು. ಖುಷಿಯಲ್ಲಿ ಕಿವಿಗೆ ಬೀಳಲಿಲ್ಲ.

ಗ್ಯಾದರಿಂಗಿನ ದಿನ, ನಾನು ಕರೆದೆನೆಂದು ಅಬ್ಬಾ ಆಳಂದದಿಂದ ಎರಡು ಬಸ್ಸು ಬದಲಿಸಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಮಕ್ಕಳ ಹಾಡನ್ನು ನನ್ನಿಂದ ಫೋನಿನಲ್ಲೇ ಹಾಡಿಸಿಕೊಂಡು ಕಲಿತಿದ್ದರು. ವೇದಿಕೆಯ ಪಕ್ಕದಲ್ಲಿ ಪೆಟ್ಟಿಗೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದರೋ ಇಲ್ಲವೋ, ಮೇಡಂ ಬಂದರು.

"ಏನ್ರೀ ಇದು? ಮದುವೆ ಮೆರವಣಿಗೆಯದ್ದಲ್ವಾ? ಪೇರೆಂಟ್ಸ್ ಏನಂದ್ಕೋತಾರೆ? ತೆಗೆಸಿ, ಪೆನ್‌ಡ್ರೈವ್ ಹಾಕಿ."

ಪೇರೆಂಟ್ಸ್ ಅಂತೆ! ಆ ಕುರ್ಚಿಗಳಲ್ಲಿ ಕೂತವರಲ್ಲಿ ಎಷ್ಟು ಜನರ ಮದುವೆಗೆ ಇಂಥದೇ ಬ್ಯಾಂಜೋ ಮುಂದೆ ನಡೆದಿತ್ತೋ! ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ. ಹೇಳಬೇಕಾದ ಮಾತೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಹೊರಗೆ ಬಿದ್ದದ್ದು ಮಾತ್ರ "ಹೂಂ ಮೇಡಂ". ಪೆನ್‌ಡ್ರೈವನ್ನು ಚುಚ್ಚಿದ್ದೂ ನಾನೇ. ಅಬ್ಬಾ ಪೆಟ್ಟಿಗೆಗೆ ಮತ್ತೆ ಬಟ್ಟೆ ಸುತ್ತಿಕೊಂಡು ಹಿಂದಿನ ಗೋಡೆಗೆ ಆತು ನಿಂತರು. ಕೊನೆಯವರೆಗೂ ನಿಂತೇ ನೋಡಿದರು, ಮಕ್ಕಳಿಗೆ ಚಪ್ಪಾಳೆಯನ್ನೂ ತಟ್ಟಿದರು.

ಬಸ್ ಸ್ಟ್ಯಾಂಡಿನವರೆಗೂ ನಾನು ಮೇಡಂಗೆ ಬೈಯುತ್ತಲೇ ನಡೆದೆ. ಅವರ ತಿಳಿವಳಿಕೆ, ಅವರ ಊರು, ಅವರ ಇಂಗ್ಲಿಷು, ಒಂದನ್ನೂ ಬಿಡಲಿಲ್ಲ. ಅಬ್ಬಾ ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟು ನನ್ನ ಕಡೆ ತಿರುಗಿದರು. ಕಲಬುರ್ಗಿ ಬಸ್ಸು ಇನ್ನೂ ಬಂದಿರಲಿಲ್ಲ.

"ಆ ವಿಲಾಯಿತಿ ಮಂದೀದು ಹಾಡು ಅಂತಿದ್ದೆಲ್ಲಾ, ತೋರ್ಸು."

ನಾವು ಮನೆಯಲ್ಲಿ ಮಾತಾಡುವುದು ಉರ್ದು. ಮನಸ್ಸಿಗೆ ನೋವಾದರೆ ಮಾತ್ರ ಅಬ್ಬಾ ನನ್ನೊಡನೆ ಕನ್ನಡಕ್ಕೆ ಇಳಿಯುತ್ತಾರೆ. ನಾನು ಫೋನ್ ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದು, ಹಾಡು ಮುಗಿಯುವವರೆಗೂ ನೋಡಿದರು.

"ಛಲೋ ಹಾಡ್ಯಾರ. ಈ ಕರೆದಾಕಿನ್ನ ನೋಡು, ಎದ್ದು ಜಾಗಾ ಬಿಟ್ಟಾಳ."

"ನಮ್ಮ ಮೇಡಂಗೆ ಅಷ್ಟು ಬುದ್ಧಿ ಎಲ್ಲೈತಿ ಅಬ್ಬಾ?"

ಬಸ್ಸು ಬಂತು. ಫೋನನ್ನು ನನ್ನ ಕೈಗಿಟ್ಟು, ಪೆಟ್ಟಿಗೆ ಎತ್ತಿಕೊಂಡರು.

"ನನ್ನ ಕರೆದಾಕಿ ಮೇಡಂ ಅಲ್ಲ, ಬೇಟಿ."